ಗಾಯವಾದ ಬೆರಳಿಗೆ ಮಾತ್ರ

ಗ್ರಿಮ್ಸ್‌ಬಿಯಲ್ಲಿ, ಹಡಗುಕಟ್ಟೆಯ ಹಿಂದಿನ ಬೀದಿಯಲ್ಲಿ,
ಆಂಡ್ರೂಲಾಳ ಚಿಪ್ಸ್ ಅಂಗಡಿಯಲ್ಲಿ ಎರಡು ಬಗೆಯ ಮೀನು:
ಒಳಗೆ ಎಣ್ಣೆಯಲ್ಲಿ ಬೇಯುವವು,
ಕಿಟಕಿಯ ಪಕ್ಕ ಗಾಜಿನೊಳಗೆ ಹೆಸರಿಟ್ಟು ಸಾಕಿದವು.
ಅವಕ್ಕೆ ಹಿಟ್ಟು ಕಲಸುವುದೂ ನಾನೇ,
ಇವಕ್ಕೆ ಉಪ್ಪು ಕಲಸುವುದೂ ನಾನೇ.
ಲೀಟರಿಗೆ ಮೂವತ್ತೈದು ಗ್ರಾಂ, ತೂಕ ಹಾಕಿ,
ಸಮುದ್ರ ಇನ್ನೂರು ಹೆಜ್ಜೆ ದೂರವಿದ್ದರೂ.

ಗುರುವಾರ ಆಲೂಗಡ್ಡೆ ಸುಲಿಯುವಾಗ
ತೋರುಬೆರಳ ತುದಿ ಚೂರು ಹೋಯಿತು.
ಅದೇ ಕೈಯನ್ನು ತೊಟ್ಟಿಗೆ ಇಳಿಸಿದೆ, ಪಾಚಿ ಉಜ್ಜಲು.
ಜುಮ್ಮೆಂದಿತು.
ಉಪ್ಪಿನ ಉರಿ ನನಗೆ ಗೊತ್ತು. ಇದು ಅದಲ್ಲ.
ಉರಿ ನಡುನಡುವೆ ಉಸಿರು ಬಿಡುತ್ತದೆ;
ಇದು ಜೀರುಂಡೆಯ ಹಾಗೆ
ಬೆರಳೊಳಗೆ ಕೂತು ಒಂದೇ ಶ್ರುತಿ.
ಎಡಗೈ ಇಳಿಸಿದೆ: ಬೆಚ್ಚಗಿನ ನೀರು, ಅಷ್ಟೇ.
ಬಲಗೈ: ಮತ್ತೆ ಜುಮ್.

ಆಂಡ್ರೂಲಾ ಮೊಣಕೈವರೆಗೆ ಅದ್ದಿ ನಕ್ಕಳು.
"ಏನೂ ಇಲ್ಲವಲ್ಲೇ. ನಿನಗೆ ನಿದ್ದೆ ಸಾಲದು."
ಹಳದಿ ಟ್ಯಾಂಗ್, ಅವಳದನ್ನು ಕರೆಯುವುದು ಸ್ಟಾವ್ರೊಸ್ ಎಂದು,
ಬಿಟ್ಟುಹೋದ ಗಂಡನ ಹೆಸರು,
ಹಣೆಯ ಮೇಲೆ ಸುಣ್ಣ ಉದುರಿದ ಗೋಡೆಯಂಥ ಗುಳಿ ಹೊತ್ತು
ತಿಂಗಳಿಂದ ಮೂಲೆ ಹಿಡಿದಿತ್ತು.
ಹವಳ ಮುಚ್ಚಿದ ಮುಷ್ಟಿ ತೆರೆದಿರಲಿಲ್ಲ.
ಅವಕ್ಕೆ ಎಡಗೈಯಿಲ್ಲ, ಹೋಲಿಸಿ ನೋಡಲು.

ಕ್ರಿಬ್ ಬರುವುದು ಏಳಕ್ಕೆ. ಒಂದು ಹ್ಯಾಡಕ್, ವಿನೆಗರ್ ಜಾಸ್ತಿ.
ನಲವತ್ತು ವರ್ಷ ಟ್ರಾಲರ್‌ಗಳಲ್ಲಿ ವೈರಿಂಗ್ ಮಾಡಿದವನು.
ನನ್ನನ್ನಲ್ಲ, ನನ್ನ ಬೆರಳನ್ನು ನೋಡಿ ನಂಬಿದ.
"ಇದು ಚರ್ಮಕ್ಕೆ ಕೇಳಿಸುವುದಿಲ್ಲ," ಎಂದ.
ಚಿಪ್ಸ್ ಆರಲು ಬಿಟ್ಟು ಮನೆಗೆ ಹೋಗಿ ಮೀಟರ್ ತಂದ.

ಕಪ್ಪು ಮುಳ್ಳು ಸಾಕೆಟ್ಟಿನ ಅರ್ಥ್‌ಗೆ, ಕೆಂಪು ಮುಳ್ಳು ನೀರಿಗೆ:
ನಲವತ್ತೊಂದು ವೋಲ್ಟ್.
ದೀಪ ಕಿತ್ತ. ಮೂವತ್ತೆಂಟು.
ಪಂಪು ಕಿತ್ತ. ಮೂವತ್ತಾರು. ಅಲೆ ನಿಂತಿತು,
ಮೀನುಗಳು ನಮ್ಮ ಕಡೆ ತಿರುಗಿದವು.
ಹೀಟರ್ ಕಿತ್ತ:
ನಾಲ್ಕು.
ಅದರ ಗಾಜಿನ ಕೊಳವೆಯಲ್ಲಿ ಕೂದಲೆಳೆಯ ಬಿರುಕು,
ಒಳಗೆ ಹಸಿರು ಕಿಲುಬು.
"ಉಳಿದ ನಾಲ್ಕು?" ಎಂದೆ.
"ಅದು ನೆರಳು. ಮೀಟರಿಗೆ ಕಾಣುತ್ತೆ, ಮೈಗೆ ತಾಗಲ್ಲ."

ಆಂಡ್ರೂಲಾ ಟೈಟಾನಿಯಂ ಸಲಾಕೆ ಹುಡುಕಿ ತಂದಳು.
ಯಾರೋ ಮಾರಿದ್ದು; ನೀರಿಗಿಳಿಸಿ ಅರ್ಥ್ ಮಾಡಿದರೆ ಮುಗಿಯಿತಂತೆ.
ಕ್ರಿಬ್ ತಡೆದ. ದಾರಿಯಿಲ್ಲದ ಕರೆಂಟು
ತಂತಿಯ ಮೇಲಿನ ಕಾಗೆಯ ಹಾಗೆ ಸುಮ್ಮನೆ ಕೂತಿರುತ್ತದೆ;
ದಾರಿ ತೋರಿಸಿದೆಯೋ, ಹರಿಯುತ್ತದೆ,
ನಡುವೆ ಮೀನಿದ್ದರೆ ಮೀನನ್ನು ಹಾದು.
ಮೊದಲು ತಟ್ಟನೆ ಬೀಳುವ ಸ್ವಿಚ್ಚು, ಆಮೇಲೆ ನೆಲ.

ಆಂಡ್ರೂಲಾಳಿಗೆ ಅರ್ಥವಾಗಲಿಲ್ಲ.
ನನಗೆ ನಗು ಬಂತು. ಯಾಕೆಂದು ಹೇಳಲು ಅಲ್ಲಿ ಯಾರಿದ್ದರು?
ಹುಬ್ಬಳ್ಳಿಯ ನಮ್ಮ ಚಾಳಿನ ವೈರ್‌ಮನ್ ಮಾಬೂಸಾಬರಿಗೆ
ಎರಡಕ್ಕೂ ಒಂದೇ ಶಬ್ದ. ಫ್ರಿಜ್ಜು ಮುಟ್ಟಿ ಕೈ ಕೊಡವಿ,
"ಅರ್ಥಾನ ಇಲ್ಲಲ್ರೀ ಈ ಮನಿಗೆ!"
ಹಿತ್ತಲಲ್ಲಿ ಆಳುದ್ದ ಗುಂಡಿ ತೋಡಿ
ತಾಮ್ರದ ಹಲಗೆ, ಮೇಲೆ ಇದ್ದಲು, ಇದ್ದಲ ಮೇಲೆ ಹರಳುಪ್ಪು.
"ವಾರಕ್ಕೊಂದು ಕೊಡ ನೀರು ಹಾಕವಾ.
ನೆಲಾ ಒಣಗಿತಂದ್ರ ಕರೆಂಟರ ಎಲ್ಲಿಗೆ ಹೋಗಬೇಕು?"
ಹಾಕುತ್ತಿದ್ದೆ, ಹವಾಯಿ ಚಪ್ಪಲಿ ಮೆಟ್ಟಿ,
ಗಿಡವಿಲ್ಲದ ಪಾತಿಗೆ, ಎರಡು ಬೇಸಿಗೆ.
ಆ ಉಪ್ಪು ಕರಗಿ ಎತ್ತ ಹೋಯಿತೆಂದು ಕೇಳಲಿಲ್ಲ.

ಸ್ವಿಚ್ಚು ಬಂತು. ಹೊಸ ಹೀಟರ್ ಬಂತು. ಸಲಾಕೆಯೂ ಇಳಿಯಿತು.
ಹನ್ನೊಂದನೆಯ ದಿನ ಹವಳ ಒಂದು ಬೆರಳು ಬಿಚ್ಚಿತು.
ಸ್ಟಾವ್ರೊಸನ ಹಣೆಯ ಗುಳಿ ಹಾಗೇ ಇದೆ.

ನಿನ್ನೆ ಬಾಗಿಲು ಹಾಕುವ ಮುಂಚೆ ಬೆರಳಿಳಿಸಿದೆ.
ಏನೂ ಇಲ್ಲ.
ಎತ್ತಿ ನೋಡಿದರೆ ಚರ್ಮ ಕೂಡಿಕೊಂಡಿದೆ.
ವಾಸಿಯಾದದ್ದು ನೀರೋ, ಬೆರಳೋ?
ಕ್ರಿಬ್ ಮೀಟರನ್ನು ನಮ್ಮಲ್ಲೇ ಬಿಟ್ಟಿದ್ದಾನೆ, ವಿನೆಗರ್ ಬಾಟಲಿಯ ಪಕ್ಕ.
ಕೈ ಒರೆಸಿಕೊಂಡು
ಕಪ್ಪು ಮುಳ್ಳಿಗಾಗಿ ತಡಕಾಡಿದೆ.