ಉಗುರಿನಿಂದ ತಟ್ಟಿ ನೋಡು

ಚೀಟಿ ಎತ್ತಿದ ದುಡ್ಡು, ನಲವತ್ತೆರಡು ಸಾವಿರ,
ಸ್ವೆಟರಿನ ಒಳಜೇಬಿನಲ್ಲಿ ಬೆಚ್ಚಗಿತ್ತು.
ನೈಟ್ ಡ್ಯೂಟಿ ಮುಗಿಸಿ ಗೋಣಿಕೊಪ್ಪದಲ್ಲಿ ಬಸ್ಸು ಹಿಡಿದು
ವಿರಾಜಪೇಟೆ ಗಡಿಯಾರ ಕಂಬದ ಹತ್ತಿರ ಇಳಿದಾಗ
ಕುಂಞಹಮದ್ ಕಾಕ ಆಗಷ್ಟೇ ಶಟರ್ ಎತ್ತುತ್ತಿದ್ದರು.

"ಯಾರಿಗೆ ಸಿಸ್ಟರ್, ಯಜಮಾನರಿಗಾ?"
"ನನಗೆ."
"ಹಂದಿಗಾ?"
"ತಟ್ಟೆಗೆ."

ಅರ್ಥವಾಯಿತು ಅವರಿಗೆ. ಈಗೀಗ ಹುಡುಗರು ಬರುತ್ತಾರಂತೆ,
ಕೊಯ್ಲಾದ ಗದ್ದೆಯಲ್ಲಿ ಸ್ಪ್ರಿಂಗಿನ ಯಂತ್ರ ಹೂಡಿ
ಕಿತ್ತಳೆ ಬಣ್ಣದ ಮಣ್ಣಿನ ತಟ್ಟೆ ಹಾರಿಸಿ ಹೊಡೆಯುವವರು.
ಆದರೆ ಐವತ್ತೊಂದರ ಹೆಂಗಸು, ಗಿಡ್ಡ ಕೈಯವಳು—
ಅದನ್ನವರು ಬಾಯಿಬಿಟ್ಟು ಹೇಳಲಿಲ್ಲ,
ಬೀರುವಿನ ಕೀಲಿ ಹುಡುಕಲು
ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡರು.

ಮೊದಲನೆಯದು ಇಟಲಿಯದು. ಒಂದರ ಮೇಲೊಂದು ನಳಿಗೆ,
ಎಣ್ಣೆ ಕುಡಿದ ಮರ, ಬೆಳ್ಳಿ ಕೆತ್ತನೆಯಲ್ಲಿ ಹಾರುವ ಬಾತುಕೋಳಿ.
ಬೆಲೆ ಕೇಳಿದೆ.
ಬಾತುಕೋಳಿಯ ಮುಖ ನೋಡಿಕೊಂಡು ವಾಪಸ್ ಕೊಟ್ಟೆ.

ಎರಡನೆಯದು ಒಂಟಿನಳಿಗೆ. ಹೊಸದು, ಅಗ್ಗ, ಹಗುರ.
ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರಲ್ಲ,
ಹಗುರ ಕೋವಿಯ ಕೋಪವೂ ಅಷ್ಟೇ;
ಇಪ್ಪತ್ತೈದು ತೋಟಾ ಮುಗಿಯುವಷ್ಟರಲ್ಲಿ ದವಡೆ ನಮ್ಮದಲ್ಲ.
ಕೊರಳೆಲುಬಿನ ನೀಲಿಗೆ ಐಸ್ ಇಡುವುದು ನನ್ನ ಕಸುಬು,
ಇಡಿಸಿಕೊಳ್ಳುವುದಲ್ಲ.

ಮೂರನೆಯದು ಯಾವನೋ ಆರಡಿ ಸುಬೇದಾರನ ಅಳತೆ.
ಎತ್ತಿದರೆ ಕಂಕುಳಿಗೆ ಸಿಕ್ಕಿಕೊಂಡು
ಹಟ ಹಿಡಿದ ಮಗುವಿನ ಹಾಗೆ ಅಲ್ಲೇ ನಿಲ್ಲುತ್ತದೆ.

"ಹೆಸರು ನೋಡಬೇಡಿ," ಅಂದರು ಕಾಕ.
"ಕಣ್ಣು ಮುಚ್ಚಿ. ಹೆಗಲಿಗೆ ಏರಿಸಿ. ಈಗ ಕಣ್ಣು ಬಿಡಿ.
ತುದಿಯ ಮಣಿ ನೇರ ಕಂಡರೆ ಕೋವಿ ನಿಮ್ಮದು,
ನಳಿಗೆಯ ಬೆನ್ನು ಕಂಡರೆ ಇನ್ನೊಬ್ಬರದು.
ಮತ್ತೆ, ಕೋವಿ ದುಡ್ಡು ತಿನ್ನುವುದು ಒಂದೇ ಸಲ,
ತೋಟಾ ವಾರವಾರ. ಅರ್ಧ ಅದಕ್ಕೆ ಇಟ್ಟುಕೊಳ್ಳಿ."
ಜೇಬಿನಲ್ಲಿ ಅರ್ಧ ಉಳಿಸಿಕೋ ಅನ್ನುವ ವ್ಯಾಪಾರಿ!
ಕೌಂಟರಿನ ಕೆಳಗಿಂದ, ಹಳೇ ಬೆಡ್‌ಶೀಟ್ ಬಿಚ್ಚಿ
ನಾಲ್ಕನೆಯದನ್ನು ತೆಗೆದದ್ದು ಆಮೇಲೆ.

ಜೋಡುನಳಿಗೆ. ಕಪ್ಪು ಬಣ್ಣ ಉಜ್ಜಿ ಹೋಗಿ
ಬೋಗುಣಿಯ ತಳದಂತಾಗಿದೆ.
ಹಿಂಬದಿಯ ಮರವನ್ನು ಯಾರೋ ಒಂದಿಂಚು ಗರಗಸದಿಂದ ಕೊಯ್ದು
ಹವಾಯಿ ಚಪ್ಪಲಿಯ ರಬ್ಬರು ಅಂಟಿಸಿದ್ದಾರೆ.
"ಯಾರದಿದು?"
"ಬಾಳೆಲೆ ಕಡೆಯದು."
ಅಷ್ಟೇ ಗೊತ್ತು ಅವರಿಗೆ. ಅಲ್ಲೂ ಒಬ್ಬರಿಗೆ
ನನ್ನಷ್ಟೇ ಉದ್ದದ ಕೈ ಇತ್ತು.
ಕಣ್ಣು ಮುಚ್ಚಿದೆ. ಎತ್ತಿದೆ. ಬಿಟ್ಟೆ.
ಮಣಿ ಅಲ್ಲೇ ಕೂತಿತ್ತು, ಕಾಯುತ್ತಿದ್ದ ಹಾಗೆ.

ಇನ್ನೊಂದು ಪರೀಕ್ಷೆ ಉಳಿದಿತ್ತು, ಅಪ್ಪನದು.
ನಳಿಗೆ ಕಳಚಿ, ಕಿರುಬೆರಳಿಗೆ ತೂಗುಹಾಕಿ,
ಉಗುರಿನಿಂದ ತಟ್ಟಬೇಕು.
ಬೆಸುಗೆ ಬಿಟ್ಟಿದ್ದರೆ ಒಡಕು ಮಡಕೆ.
ತಟ್ಟಿದೆ.

ಟಣ್ ಅಂದಿತು. ನಿಲ್ಲಲೇ ಇಲ್ಲ.
ಗಂಡು ಹುಟ್ಟಿದರೆ ಒಂದು ಗುಂಡು.
ನಾನು ಹುಟ್ಟಿದಾಗ ಕಂಚಿನ ತಟ್ಟೆ ಬಡಿದರಂತೆ,
ಅಪ್ಪ ತುಂಬಿದ್ದ ತೋಟಾ ಹೊರತೆಗೆದು
ಜೇಬಿಗೆ ಹಾಕಿಕೊಂಡರಂತೆ.
ಆ ಸದ್ದು ನನಗೆ ನೆನಪಿರಲು ಸಾಧ್ಯವಿಲ್ಲ.
ರಶೀದಿ ಬರೆಯುತ್ತಿದ್ದ ಕಾಕ ಪೆನ್ನು ನಿಲ್ಲಿಸಿ
ಅದು ಆರುವವರೆಗೆ ಕಾದರು.

ಇಪ್ಪತ್ತಾರು ಅಂದರು, ಇಪ್ಪತ್ತಮೂರಕ್ಕೆ ಇಳಿದರು,
ವಿನಾಯಿತಿ ಪತ್ರದ ಜೆರಾಕ್ಸ್ ಎರಡು ಪ್ರತಿ, ಚಹಾ ಅವರದೇ.

ಭಾನುವಾರ ಅಮ್ಮತ್ತಿಯ ಗದ್ದೆಯಲ್ಲಿ
ಒಂಬತ್ತು ತಟ್ಟೆ ಆಕಾಶಕ್ಕೆ ಹೋಗಿ ಕ್ಷೇಮವಾಗಿ ಇಳಿದವು.
ಆಮೇಲೆ ಜೋಡಿ ಹಾರಿಸಿದರು.
ಎರಡೂ ನಳಿಗೆ ಖಾಲಿ ಮಾಡಿದೆ, ಒಂದರ ಹಿಂದೊಂದು.

ಹೊಗೆ ಆರುವ ಮೊದಲೇ ಫೋನು.
ಗದ್ದೆಯಾಚೆಯ ಮನೆಯ ಚೋಂದವ್ವಜ್ಜಿ:
"ಎರಡು ಗುಂಡು ಕೇಳಿಸ್ತಲ್ಲ ಮಗಾ, ಯಾರು ಹೋದ್ರು?"
"ಯಾರೂ ಇಲ್ಲ ಅಜ್ಜಿ. ಮಣ್ಣು."
"ಬಿತ್ತಾ?"
"ಒಂದು."

ಇನ್ನೊಂದು ಇಡಿಯಾಗಿ ಕೂಳೆಗಳ ನಡುವೆ ಕೂತಿತ್ತು.
ಹೆಕ್ಕಿ ತಂದು, ಕಿವಿಯ ಹತ್ತಿರ ಹಿಡಿದು,
ಉಗುರಿನಿಂದ ತಟ್ಟಿ ನೋಡಿದೆ.