ಹದಿನಾರರ ಲೆಕ್ಕ

ನಂಜನಗೂಡಿನ ಸಂಪನ್ಮೂಲ ಕೇಂದ್ರದಲ್ಲಿ
ಮೂರು ಫ್ಯಾನಿನಲ್ಲಿ ಒಂದೇ ತಿರುಗುತ್ತಿತ್ತು.
ಮೇಜಿನ ಮೇಲಿನ ಭೂಗೋಳ ಅದೂ ಇಲ್ಲ,
ಅಚ್ಚು ತುಕ್ಕು ಹಿಡಿದು
ಹಿಂದೂ ಮಹಾಸಾಗರ ಸದಾ ನಮ್ಮ ಕಡೆಗೇ.

ಪಾಠದೊಳಗೆ ಜಗತ್ತನ್ನು ತರುವುದು ಹೇಗೆ:
ಅವತ್ತಿನ ನನ್ನ ವಿಷಯ.
ಹತ್ತೊಂಬತ್ತು ವರ್ಷ ಗಣಿತ ಹೇಳಿದವನು ನಾನು,
ಕೈಪಿಡಿ ಬಂದದ್ದು ಹಿಂದಿನ ರಾತ್ರಿ.
ಓದಿದೆ. ಬರೆದುಕೊಂಡರು,
ಬರೆದುಕೊಂಡಂತೆ ತಲೆಯಾಡಿಸಿದರು.
ಹಿಂದಿನ ಬೆಂಚಿನಿಂದ ಜವರನಾಯಕರು ಎದ್ದು
'ಸಾ, ಮೊಟ್ಟೆ ಲೆಕ್ಕ, ಹಾಲಿನಪುಡಿ ಲೆಕ್ಕ, ಶೂ ಅಳತೆ,
ಎಲ್ಲ ಆದ್ಮೇಲೆ ಉಳಿಯೋದು ಮೂವತ್ತು ನಿಮಿಷ.
ಅದ್ರಲ್ಲಿ ಜಗತ್ತು ಎಷ್ಟು ಹಿಡಿಸ್ತದೆ?' ಅಂದರು.
ನಕ್ಕೆವು. ಕೈಪಿಡಿಯಲ್ಲಿ ಆ ಪುಟ ಇರಲಿಲ್ಲ.

ಆಗ ಮಾದಲಾಂಬಿಕೆ, ಹದಿನಾರು ಊರಿನ ಶಾಲೆಯವರು,
ಕೂತಲ್ಲಿಂದಲೇ, ಬ್ಯಾಗಿನ ಜಿಪ್ಪು ಎಳೆಯುತ್ತ:

'ನಮ್ಮಲ್ಲಿ ಅದು ತಾನಾಗೇ ಬಂದ್ಬಿಟ್ಟಿದೆ ಸರ್.
ಪುಷ್ಯದ ಚಳಿ. ಐದನೇ ಕ್ಲಾಸನ್ನು ಕೆರೆ ಏರಿಗೆ ಕರೆದೊಯ್ದಿದ್ದೆ.
ನೀರಿನಂಚಲ್ಲಿ ಪಟ್ಟೆತಲೆ ಹೆಬ್ಬಾತು, ಸಂತೆ ನೆರೆದಹಾಗೆ.
ಹಕ್ಕಿ ನೋಡೋಕೆ ಬಂದವರು ಯಾರೋ ದುರ್ಬೀನು ಕೊಟ್ಟರು.
ಒಂದರ ಕೊರಳಿಗೆ ಹಸಿರು ಪಟ್ಟಿ, ಪಟ್ಟಿಯ ಮೇಲೆ ಅಂಕಿ.
ಮಂಗೋಲಿಯಾದಲ್ಲಿ ಕಟ್ಟಿದ್ದಂತೆ, ಹಿಮಾಲಯ ದಾಟಿ ಬಂದದ್ದಂತೆ.
ಮಕ್ಕಳು ಅಂದರು:
ನಮ್ಮೂರ ಹೆಸರೂ ಅಂಕಿ, ಅದರ ಹೆಸರೂ ಅಂಕಿ,
ಅದಕ್ಕೇ ಹುಡುಕ್ಕೊಂಡು ಬಂದದೆ.'

ಎಲ್ಲರೂ ಮುಂದಕ್ಕೆ ಬಾಗಿದೆವು.
ಹಲಗೆಯ ಮೇಲೆ 'ಹಕ್ಕಿ' ಎಂದು ಬರೆದು
ಸುತ್ತ ನಾಲ್ಕು ಬಾಣ ಎಳೆದೆ:
ಭೂಗೋಳ, ವಿಜ್ಞಾನ, ಗಣಿತ, ಭಾಷೆ.
ಎಷ್ಟು ಸಲೀಸು, ಅನ್ನಿಸಿತು.

'ಇನ್ನೂ ಮುಗಿದಿಲ್ಲ' ಅಂದರು ಆಕೆ.
'ಲಿಖಿತಾ ಅಂತ ಹುಡುಗಿ, ಮಾತು ಕಮ್ಮಿ.
ದುರ್ಬೀನು ಕಣ್ಣಿಂದ ತೆಗೀದೇ ಹೇಳಿದಳು:
ನಮ್ಮಪ್ಪ ರಾತ್ರಿ ಇವಕ್ಕೆ ಪಟಾಕಿ ಹೊಡೀತನೆ ಮಿಸ್ಸು,
ಗದ್ದೆಗೆ ಇಳಿದ್ರೆ ಬೆಳಗಾಗೋದ್ರಲ್ಲಿ ಪೈರು ಬೋಳು.
ಅಲ್ಲೀವ್ರೂ ಓಡಿಸ್ತರಾ?
ಹೇಳಿ ಸರ್, ನಾನು ಏನು ಹೇಳಬೇಕಿತ್ತು?'

ಸೀಮೆಸುಣ್ಣ ಕೈಯಲ್ಲೇ ಉಳಿಯಿತು.
ಹಲಗೆಯ ಮೇಲೆ
ನಾಲ್ಕು ಬಾಣ ನೆಟ್ಟ ಹಕ್ಕಿ.

ಕೊನೆಗೆ ಜವರನಾಯಕರೇ:
'ನನ್ನ ಹುರುಳಿ ಹೊಲನೂ ಅವೇ ಮೇಯ್ದದ್ದು.
ಆದ್ರೂ ಮಗು ಕೇಳಿದ್ದು ಸರಿಯಾಗೇ ಅದೆ.
ಅಲ್ಲೀವ್ರನ್ನೇ ಕೇಳೋಣ.'

ಊಟದ ನಂತರದ ಅವಧಿ ನಡೆಯಲೇ ಇಲ್ಲ.
ಒಂದು ಕಾಗದ ಬರೆದೆವು, ಮೂರು ಸಲ ಹರಿದು.
ಹುಡುಗಿಯ ಪ್ರಶ್ನೆಯನ್ನು ತಿದ್ದಕೂಡದು ಅಂತ ಮಾದಲಾಂಬಿಕೆ.
ಇಂಗ್ಲಿಷಿಗೆ ತಂದವರು ಸಯೀದಾ ಮೇಡಂ,
'ಬೋಳು' ಎಂಬಲ್ಲಿ ತುಂಬ ಹೊತ್ತು ನಿಂತು.
ಶಾಲೆ ಯಾವುದೆಂದು ಯಾರಿಗೆ ಗೊತ್ತು?
ಪಟ್ಟಿ ಕಟ್ಟಿದವರ ವಿಳಾಸಕ್ಕೇ ಬರೆದೆವು:
ದಯವಿಟ್ಟು, ಕೆರೆ ಪಕ್ಕದ ಯಾವುದಾದರೂ
ಐದನೇ ಕ್ಲಾಸಿಗೆ ತಲುಪಿಸಿ.

ಅಂಚೆ ಖರ್ಚು ಯಾವ ಲೆಕ್ಕಕ್ಕೆ,
ಸುತ್ತೋಲೆಯಲ್ಲಿ ಇರಲಿಲ್ಲ.
ಅವತ್ತು ಇದ್ದವರು ಇಪ್ಪತ್ತೆಂಟು ಜನ.
ಬಿಲ್ಲಿನಲ್ಲಿ ಮೂವತ್ತಾರು ಚಹಾ.

ಆಡಿಟ್‌ನವರು ಇನ್ನೂ ಕೇಳಿಲ್ಲ.
ಕಾಗದಕ್ಕೆ ಉತ್ತರವೂ ಬಂದಿಲ್ಲ.
ಹೆಬ್ಬಾತುಗಳು ಮಾರ್ಚಿನಲ್ಲಿ ಹೊರಟವು.
ಲಿಖಿತಾಳ ಅಪ್ಪ ಚಿಕ್ಕಸಿದ್ದಯ್ಯ
ಉಳಿದ ಪಟಾಕಿಯನ್ನು ಅಟ್ಟದ ಮೇಲೆ ಇಟ್ಟಿದ್ದಾರಂತೆ,
ನೆನೆಯದ ಹಾಗೆ ಸುತ್ತಿ,
ಬರುವ ಪುಷ್ಯಕ್ಕೆ.