ಏಳು ದಿನದಲ್ಲಿ ವಾಪಸ್

ಸಾಗರ ರಸ್ತೆಯ ಟೈಲ್ಸ್ ಅಂಗಡಿಗೆ ರಾತ್ರಿ ಕಾವಲು ನಾನು.
ನಿದ್ದೆ ಹತ್ತದಿರಲೆಂದು ಮೊಬೈಲಿನಲ್ಲಿ ಚೌಕಾಸಿ:
ಹೊಸನಗರದ ಜೀಪಿಗೆ ನಲವತ್ತು ಸಾವಿರ ಕೇಳಿದೆ,
ಭದ್ರಾವತಿಯ ಲೇತ್ ಮಿಷನ್ನಿಗೆ ಹನ್ನೆರಡು,
ಕೊಪ್ಪದಲ್ಲೊಂದು ಕುದುರೆಗೂ.
ಜೇಬಲ್ಲಿ ಬೀಡಿಗಾಗುವಷ್ಟು.

ತೀರ್ಥಹಳ್ಳಿಯ ಸೆವೆರಿನಾ ಬಾಯಿ ಮಾತ್ರ
ಹೊಲಿಗೆ ಯಂತ್ರದ ಬೆಲೆ ಇಳಿಸದೆ
ಎರಡು ತಿಂಗಳು ಉತ್ತರ ಬರೆದರು.
"ಆರು ಸಾವಿರ. ಪೆಡಲು ಹೊಸದು. ಊಟ ಆಯ್ತಾ?"
"ನಾಲ್ಕೂವರೆ. ಆಯ್ತು, ಚಿತ್ರಾನ್ನ."
"ಆರೇ. ರಾತ್ರಿ ಹೊತ್ತು ಚಿತ್ರಾನ್ನವೆ?"

ಸೋಮವಾರ ಹೊಸ ನಿಯಮ ಬಂತು:
ಎಷ್ಟು ಕೇಳುತ್ತೀರೋ ಅಷ್ಟು ಮೊದಲೇ ಕಟ್ಟಿ.
ಕಟ್ಟದವರಿಗೆ ಮಾತಿಲ್ಲ.
ಒಪ್ಪದಿದ್ದರೆ ಏಳು ದಿನದಲ್ಲಿ ವಾಪಸ್.

ಸರಿಯೇ ಅದು. ಬಾಯಿಮಾತು ನಂಬಿ
ಎಷ್ಟು ಭಾನುವಾರ ಆಕೆ
ಯಂತ್ರ ಒರೆಸಿಟ್ಟು ಬಾಗಿಲು ನೋಡಿದರೋ.
ಕಳ್ಳರನ್ನು ಕಾಯುವವನ
ಸಣ್ಣದೊಂದು ಕಳ್ಳತನ.

ನಿನ್ನೆ, ಮೂರು ಗಂಟೆ ಇರಬೇಕು,
ಖಾತೆಯಲ್ಲಿದ್ದ ಮುನ್ನೂರ ನಲವತ್ತನ್ನೂ ಕಟ್ಟಿದೆ.
ಅದು ಬೆಲೆಯಲ್ಲವೆಂದು
ಅವರಿಗೂ ಗೊತ್ತಾಗದೆ ಇರದು.

ಬೆಳಗ್ಗೆ ಕೆಂಪಕ್ಷರದಲ್ಲಿ: ತಿರಸ್ಕರಿಸಲಾಗಿದೆ.
ಕೆಳಗೆ ಅವರದೇ ಒಂದು ಸಾಲು,
"ಆರು ಸಾವಿರ. ಊಟ ಆಯ್ತಾ?"

ಆಗಿಲ್ಲ ಎನ್ನಲು
ಇನ್ನೂ ಆರು ದಿನ ಇದೆ.